ಚುಕ್ಕೆ ಬಾರದ ಪತ್ರ

ಆಸ್ಪತ್ರೆಯ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಟೈಪು ಮಾಡಿದ್ದಕ್ಕೆ ಎಲ್ಲರ ಬಾಯಲ್ಲೂ ಅವಳು ಟೈಪಕ್ಕ. ಊರಿಗೆ ಮೊದಲ ಮೋಡೆಮ್ ಬಂದಾಗ, ಬೆರಳು ಚುರುಕೆಂಬ ಒಂದೇ ಕಾರಣಕ್ಕೆ ಅದನ್ನು ಅವಳ ಮೇಜಿಗೇ ತಂದಿಟ್ಟರು. ಟೆಲಿಫೋನ್ ತಂತಿಗೆ ಸಿಕ್ಕಿಸಿದ ಆ ಪೆಟ್ಟಿಗೆ ರಾಜಧಾನಿಯ ಕಂಪ್ಯೂಟರಿಗೆ ಕರೆ ಮಾಡಿ ಹೊರದೇಶದ ಪತ್ರಗಳನ್ನು ಇಳಿಸಿಕೊಳ್ಳುತ್ತಿತ್ತು. ದಾರಿಯಲ್ಲಿ ಅಕ್ಷರಗಳು ಉದುರುವುದು ಮಾಮೂಲು. "ಬೆಕ್ಕಿನ ಬಾಲ ತುಳಿದ್ಹಾಗೆ ಅರಚುತ್ತಲ್ಲೇ ಇದು!" ಎಂದು ಔಷಧಿಗೆ ಬಂದಿದ್ದ ಅವಳ ಅತ್ತೆ ನಕ್ಕಿದ್ದರು.

ಒಂದು ಸೋಮವಾರ ಬೆಳಿಗ್ಗೆ ಬಣ್ಣದ ಕಾರ್ಖಾನೆಯಿಂದ ಒಬ್ಬ ಹೆಂಗಸನ್ನು ಹೊತ್ತು ತಂದರು. ಮೈಮೇಲೆ ರಾಸಾಯನಿಕ ಚೆಲ್ಲಿ ತುಟಿ, ಉಗುರು ನೀಲಿಗಟ್ಟಿದ್ದವು. ಮದ್ದೇನೋ ಉಗ್ರಾಣದಲ್ಲಿತ್ತು, ಡಾಕ್ಟರು ಒಮ್ಮೆಯೂ ಅದನ್ನು ಕೊಟ್ಟವರಲ್ಲ. ಪ್ರಮಾಣ ಕೇಳಿ ಹೊರದೇಶದ ತಜ್ಞರಿಗೆ ಪತ್ರ ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಉತ್ತರ ಬಂತು: ತೂಕದ ಪ್ರತಿ ಕಿಲೋಗೆ 15 ಮಿಲಿಗ್ರಾಂ. ಡಾಕ್ಟರು ಹಾಳೆ ಕಸಿದುಕೊಂಡು ಓಡಿದರು.

ಟೈಪಕ್ಕ ಪರದೆಯತ್ತ ಮತ್ತೊಮ್ಮೆ ಕಣ್ಣು ಹಾಯಿಸಿದಳು. ವಾಕ್ಯ ಮುಗಿದ ಕಡೆ ಚುಕ್ಕೆಯಿಲ್ಲ. ತಜ್ಞರ ಹೆಸರಿನ ಇನಿಷಿಯಲ್ಲಿಗೂ ಇಲ್ಲ. ಬಿದ್ದೆನೋ ಎದ್ದೆನೋ ಎಂದು ವಾರ್ಡಿಗೆ ಓಡಿದಳು.

"ಸರ್, ಕೊಡಬೇಡಿ! ಕಾಗದದಲ್ಲಿ ಒಂದು ಚುಕ್ಕೆನೂ ಬಂದಿಲ್ಲ, ದಶಮಾಂಶದ್ದೂ ಉದುರಿರಬಹುದು. ಅದು ಹದಿನೈದೋ, ಒಂದೂವರೆನೋ ಯಾರಿಗ್ಗೊತ್ತು?"

ಡಾಕ್ಟರ ಕೈಯಲ್ಲಿ ಸಿರಿಂಜಿತ್ತು. "ಇವಳ ಉಸಿರು ನೋಡಿದ್ರಾ? ನಿಮ್ಮ ಚುಕ್ಕೆ ಬರೋವರೆಗೂ ಇರ್ತಾಳೇನಮ್ಮಾ?"

ಬಾಗಿಲಲ್ಲಿ ನಿಂತಿದ್ದ ರೋಗಿಯ ಗಂಡ ಇಬ್ಬರ ಮುಖವನ್ನೂ ಪಿಳಿಪಿಳಿ ನೋಡಿದ.

"ಅರ್ಧ ಗಂಟೆ ಕೊಡಿ ಸರ್. ನಿಮ್ಮ ಕಾಲಿಗೆ ಬೀಳ್ತೀನಿ," ಎಂದಳು ಟೈಪಕ್ಕ.

ಡಾಕ್ಟರು ತುಟಿ ಕಚ್ಚಿ ಸಿರಿಂಜನ್ನು ತಟ್ಟೆಗಿಟ್ಟರು. ಆಮ್ಲಜನಕವನ್ನು ಮಾತ್ರ ಹೆಚ್ಚಿಸಿದರು.

'ಅಂಕಿ ಬೇಡ, ಅಕ್ಷರದಲ್ಲಿ ಬರೆಯಿರಿ' ಎಂದು ಟೈಪಕ್ಕ ಒತ್ತಿದಳು. ಕರೆ ಸಿಗಲಿಲ್ಲ. ಮತ್ತೆ ಒತ್ತಿದಳು, ಸಿಕ್ಕಿ ಕಡಿಯಿತು. ಏಳನೇ ಸಲ ಪತ್ರ ಹೋಯಿತು. ಆಮೇಲೆ ಐದೈದು ನಿಮಿಷಕ್ಕೊಮ್ಮೆ ಕರೆ ಮಾಡಿ ನೋಡುವುದೇ ಕೆಲಸ. ಅರ್ಧ ಗಂಟೆ ದಾಟಿತು. ತಾನು ತಡೆದದ್ದಕ್ಕೇ ಆಕೆ ಸತ್ತರೆ? ನಲವತ್ತೊಂದನೇ ನಿಮಿಷಕ್ಕೆ ಪರದೆಯಲ್ಲಿ ಮೂಡಿತು: ಒಂದೂವರೆ.

ಹಾಳೆ ನೋಡಿದ ಡಾಕ್ಟರು ಸಿರಿಂಜಿನಲ್ಲಿದ್ದದ್ದನ್ನು ಚೆಲ್ಲಿ ಹೊಸದಾಗಿ ಅಳೆದರು. ಸಂಜೆಯೊಳಗೆ ಆ ಹೆಂಗಸಿನ ಉಗುರುಗಳಿಗೆ ಬಣ್ಣ ಮರಳಿತು. ಐದನೇ ದಿನ ನಡೆದುಕೊಂಡೇ ಮನೆಗೆ ಹೋದಳು.

"ನಿಮ್ಮಿಂದ ಬದುಕಿದ್ಲು," ಎಂದು ಡಾಕ್ಟರು ಎಲ್ಲರೆದುರಿಗೆ ಹೇಳಿದಾಗಲೂ ಟೈಪಕ್ಕನಿಗೆ ನಗು ಬರಲಿಲ್ಲ. ಮೋಡೆಮ್ ಬಂದಾಗಿನಿಂದ ಇಳಿಸಿದ್ದ ಪತ್ರಗಳ ಕಡತವನ್ನೆಲ್ಲ ಹರಡಿಕೊಂಡು, ಒಂದೊಂದು ಅಂಕಿಯ ಮೇಲೂ ಬೆರಳಿಟ್ಟು ಓದತೊಡಗಿದಳು.