ಒಂದೇ ಹೆಸರಿರಬೇಕಾದ ಪಟ್ಟಿ

ನಲ್ಲಿ ಸೋರಿದರೆ ಅವಳನ್ನು ಕರೆಯುತ್ತಾರೆ, ಗ್ಯಾಸ್ ಮುಗಿದರೆ ಅವಳನ್ನೇ ಕರೆಯುತ್ತಾರೆ, ಇಂಟರ್ನೆಟ್ ನಿಂತರಂತೂ ಮೂರು ಕಡೆಯಿಂದ ಮೂರು ದನಿ ಒಟ್ಟಿಗೆ ಏಳುತ್ತವೆ. ಫೋನಿನ ಅಂಗಡಿಯಲ್ಲಿ ಕೆಲಸಕ್ಕಿದ್ದ ಮೈದುನ ಅವಳಿಗೆ 'ವೈಫೈ ಅತ್ತಿಗೆ' ಎಂದು ಹೆಸರಿಟ್ಟಿದ್ದ. ಹೆಸರಿಡುವುದೇನು, ಪುಕ್ಕಟೆ ಕೆಲಸ. ರಿಪೇರಿಯೆಲ್ಲ ಹೆಸರು ಹೊತ್ತವಳದ್ದು.

ಹನ್ನೆರಡು ವರ್ಷ ಅವಳು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕೂತು, ಡಾಕ್ಟರುಗಳು ರೆಕಾರ್ಡ್ ಮಾಡಿದ ಮಾತನ್ನು ಕಿವಿಗೆ ಹಾಕಿಕೊಂಡು ವರದಿಯಾಗಿ ಟೈಪ್ ಮಾಡಿದವಳು. ಅತ್ತೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಮನೆಯಲ್ಲಿ ಯಾರಾದರೂ ಇರಬೇಕಾಯಿತು. ಆ 'ಯಾರಾದರೂ' ಯಾರೆಂದು ಮಾತಿಗೂ ಬರಲಿಲ್ಲ. ಆಸ್ಪತ್ರೆಯವರ ಕೈಕಾಲು ಹಿಡಿದು ಅದೇ ಕೆಲಸವನ್ನು ಮನೆಗೆ ತಂದುಕೊಂಡಳು. ಈಗ ಅಲ್ಲಿಂದ ಪತ್ರ ಬಂದಿತ್ತು: ರೋಗಿಗಳ ವಿವರ ಹಾಯುವ ಜಾಲದಲ್ಲಿ ಮನೆಯ ಬೇರೆ ಯಾವ ಸಾಧನವೂ ಇರಕೂಡದು. ಮೂರು ವಾರ ಬಿಟ್ಟು ಗುರುವಾರ ಹನ್ನೊಂದಕ್ಕೆ ತಪಾಸಣೆ. ತಪ್ಪಿದರೆ ಮನೆಯಿಂದ ಮಾಡುವ ಕೆಲಸ ರದ್ದು.

ಅವಳು ಹದಿನೈದು ದಿನ ಜಾಲ ಕಟ್ಟುವುದನ್ನು ಓದಿದಳು, ಸಾಂಬಾರಿಗೆ ಒಲೆ ಹಚ್ಚಿಟ್ಟು ಓದಿದಳು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮೂರು ಚೌಕ ಬರೆದಳು, ಒಂದೊಂದೂ ಒಂದು ಬೇರೆ ಜಾಲ. ಮೊದಲನೆಯದು 'ಕೋಣೆ': ಅಲ್ಲಿ ಅವಳ ಕಂಪ್ಯೂಟರ್ ಒಂದೇ, ಅದೂ ತಂತಿಯಲ್ಲಿ. ಎರಡನೆಯದು 'ನಡುಮನೆ': ಎಲ್ಲರ ಫೋನು, ಮಗಳ ಟ್ಯಾಬ್, ಪ್ರಿಂಟರ್. ಮೂರನೆಯದು 'ಅಂಗಳ': ಟೀವಿ, ಅಗ್ಗಕ್ಕೆ ಸಿಕ್ಕಿತೆಂದು ಗಂಡ ತಂದ ಬಾಗಿಲ ಕ್ಯಾಮೆರಾ, ಬಣ್ಣ ಬದಲಿಸುವ ಬಲ್ಬು. ಅವು ಯಾರ ಹತ್ತಿರ ಏನು ಪಿಸುಗುಡುತ್ತವೋ ಬಲ್ಲವರಿಲ್ಲ. ಅಂಗಳದವು ಬೀದಿಗೆ, ಅಂದರೆ ಇಂಟರ್ನೆಟ್ಟಿಗೆ, ಹೋಗಬಹುದು, ಒಳಗೆ ಬರುವಂತಿಲ್ಲ. ನಡುಮನೆಯವರು ಕೋಣೆಗೆ ಇಣುಕುವಂತಿಲ್ಲ.

ಹೊಸ ರೂಟರ್ ತಂದು ಹಾಲ್‌ನಲ್ಲಿಟ್ಟು, ಹಳೆಯದನ್ನು ಅಟ್ಟಕ್ಕೆ ಹಾಕಿ, ಹದಿನಾಲ್ಕು ಸಾಧನಗಳನ್ನು ಒಂದೊಂದಾಗಿ ಅವಳೇ ಸೇರಿಸಿದಳು. ಬಲ್ಬೊಂದಕ್ಕೇ ಮುಕ್ಕಾಲು ಗಂಟೆ, ಸ್ಟೂಲಿನ ಮೇಲೆ ನಿಂತು. ಅದು ನೀಲಿಯಾಗಿ ಮಿನುಗಬೇಕಾಗಿತ್ತು; ಕೆಂಪಗೆ ಉರಿದು ಅವಳನ್ನೇ ನೋಡುತ್ತಿತ್ತು.

"ನೋಡೇ, ನನ್ನ ಫೋನಿನ ಹಾಡು ಟೀವಿಯಲ್ಲಿ ಬರ್ತಿಲ್ಲ," ಎಂದ ಗಂಡ, ಕೆಳಗಿನಿಂದ.

"ಫೋನು ನಡುಮನೆಯಲ್ಲಿದೆ, ಟೀವಿ ಅಂಗಳದಲ್ಲಿದೆ. ಬರಲ್ಲ ರೀ."

"ಎರಡೂ ನನ್ನ ಕಣ್ಣೆದುರಿಗೇ ಇವೆಯಲ್ಲೇ!"

"ಏನಮ್ಮಾ, ಒಂದೇ ಮನೆಯಲ್ಲಿ ಗಡಿ ಹಾಕ್ತಾರಾ?" ಎಂದರು ಅತ್ತೆ. "ನಮ್ಮ ಕಾಲದಲ್ಲಿ ಎಲ್ಲಾ ಒಟ್ಟಿಗೇ ಇರ್ತಿದ್ವಿ."

"ಒಟ್ಟಿಗೇ ಇದ್ರಿ ಅತ್ತೆ, ಆದ್ರೆ ನಿಮ್ಮ ಬೀರುವಿನ ಬೀಗದ ಕೈ ನಿಮ್ಮ ಸೊಂಟದಲ್ಲೇ ಇರ್ತಿತ್ತಲ್ಲ?"

ಅತ್ತೆ ಮುಖ ತಿರುಗಿಸಿಕೊಂಡರು. ಅವಳು ಬಲ್ಬಿನ ಕಡೆ ತಿರುಗಿದಳು.

ಗುರುವಾರ ಹನ್ನೊಂದಕ್ಕೆ ಸರಿಯಾಗಿ ತಪಾಸಣೆಯವಳ ಕರೆ ಕಂಪ್ಯೂಟರಿಗೇ ಬಂತು; ಇವಳ ಪರದೆ ಆಕೆಗೂ ಕಾಣುತ್ತಿತ್ತು. ಒಣ ದನಿಯ ಹೆಂಗಸು, ಸುತ್ತುಬಳಸಿಲ್ಲ. "ನಿಮ್ಮ ಕೆಲಸದ ಜಾಲದ ಪಟ್ಟಿ ತೆರೀರಿ. ಒಂದೇ ಹೆಸರು ಇರಬೇಕು."

ಅವಳು ಹೆಮ್ಮೆಯಿಂದಲೇ ತೆರೆದಳು. ಹದಿನಾಲ್ಕು ಹೆಸರು. ಟೀವಿ, ಕ್ಯಾಮೆರಾ, ಪ್ರಿಂಟರ್, ಅತ್ತೆಯ ಫೋನು. ಎಲ್ಲಕ್ಕಿಂತ ಮೇಲೆ, ಮದುಮಗನ ಹಾಗೆ, ಬಲ್ಬು.

"ಬಲ್ಬಿಗೆ ರೋಗಿಗಳ ವಿವರ ಯಾಕೆ ಬೇಕು?" ಎಂದಳು ತಪಾಸಣೆಯವಳು.

"ಒಂದ್ನಿಮಿಷ ಮೇಡಂ." ಹಾಲ್‌ಗೆ ಓಡಿದಳು. ಅಟ್ಟದ ಮೇಲಿರಬೇಕಾದ ಹಳೆಯ ರೂಟರ್ ಹೊಸದರ ಪಕ್ಕದಲ್ಲೇ ದೀಪ ಮಿಟುಕಿಸುತ್ತ ಕೂತಿತ್ತು. ಅದರ ತಂತಿ ಹೊಸದರ ಎರಡನೇ ತೂತಿಗೆ ಸಿಕ್ಕಿಸಿತ್ತು. ಅದು 'ಕೋಣೆ'ಗೆ ಸೇರಿದ ತೂತು. ಮುಂದೆ ಬೇಕಾದೀತೆಂದು ಅವಳೇ ಖಾಲಿ ಬಿಟ್ಟಿದ್ದಳು.

"ನಿನ್ನೆ ಸಂಜೆ ಸರಿ ಮಾಡಿಟ್ಟೆ ಅತ್ತಿಗೆ," ಎಂದ ಮೈದುನ, ಇಷ್ಟಗಲ ನಗುತ್ತ. "ಅಣ್ಣನ ಹಾಡಿಗೆ ತೊಂದ್ರೆ ಆಗ್ತಿತ್ತಲ್ಲ. ಹಳೇ ವೈಫೈ ಹೆಸರು, ಹಳೇ ಪಾಸ್‌ವರ್ಡ್ ಎಲ್ಲಕ್ಕೂ ನೆನಪಿತ್ತು, ದನ ಕೊಟ್ಟಿಗೆಗೆ ಓಡಿದ ಹಾಗೆ ಓಡಿಬಂದ್ವು. ಗೊಂದಲ ಬೇಡ ಅಂತ ಹೊಸ ಹೆಸರನ್ನ ನಾನೇ ಎಲ್ಲದರಲ್ಲೂ ಅಳಿಸಿದೆ. ನಿಮಗೆ ಹೇಳಿ ತಲೆನೋವು ಯಾಕೆ ಕೊಡೋದು ಅಂತ ಸುಮ್ಮನಿದ್ದೆ."

ಅವಳು ತಂತಿ ಕಿತ್ತಳು. ಟೀವಿ ನಿಂತಿತು. "ಅಯ್ಯೋ, ಈಗ್ತಾನೆ ಅವಳು ಬಾಗಿಲು ತೆಗೀತಿದ್ಲು!" ಎಂದು ಧಾರಾವಾಹಿ ನೋಡುತ್ತಿದ್ದ ಅತ್ತೆ ಕೂಗಿದರು.

ಕೋಣೆಗೆ ಹಿಂದಿರುಗುವಷ್ಟರಲ್ಲಿ ಹೆಸರುಗಳು ಒಂದೊಂದಾಗಿ ಉದುರುತ್ತಿದ್ದವು. ಕೊನೆಗೆ ಅವಳ ಕಂಪ್ಯೂಟರ್ ಒಂದೇ ಉಳಿಯಿತು. ನಡೆದದ್ದನ್ನು ನಡೆದ ಹಾಗೇ ಹೇಳಿದಳು. ಸುಳ್ಳು ಹೇಳುವುದಕ್ಕೂ ತ್ರಾಣ ಬೇಕಲ್ಲ.

"ನಿಮ್ಮ ವಿನ್ಯಾಸ ಚೆನ್ನಾಗಿದೆ," ಎಂದಿತು ಒಣ ದನಿ. "ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತು?"

"ನನಗೊಬ್ಬಳಿಗೇ."

"ಕೈ ಯಾರ್ಯಾರಿಗಿವೆ?"

ಅವಳು ಹಾಲ್‌ನ ಕಡೆ ನೋಡಿದಳು.

"ಖಾಲಿ ತೂತು ಮುಚ್ಚಿ. ರೂಟರ್ ಪೆಟ್ಟಿಗೆ ನಿಮ್ಮ ಕೈಗೆ ಮಾತ್ರ ಸಿಗುವ ಕಡೆ ಇರಬೇಕು. ಸಂಜೆ ಆರರೊಳಗೆ ಫೋಟೋ ಕಳಿಸಿ. ಇಲ್ಲಾಂದ್ರೆ ಸೋಮವಾರದಿಂದ ಇಲ್ಲಿಗೇ ಬನ್ನಿ."

ಇಲ್ಲಿಗೇ ಎಂದರೆ ಎರಡು ಬಸ್ಸು. ಅತ್ತೆಯನ್ನು ಬಚ್ಚಲಿಗೆ ಎಬ್ಬಿಸಿಕೊಂಡು ಹೋಗುವವರು ಯಾರು? ಅದನ್ನೂ ಯಾರೂ ಕೇಳುವುದಿಲ್ಲ. ಕೆಲಸ ಬಿಡು ಎನ್ನುತ್ತಾರೆ, ಎಷ್ಟು ಸಲೀಸಾಗಿ!

ಊಟದ ತಟ್ಟೆಗಳನ್ನು ಸಿಂಕಿನಲ್ಲೇ ಬಿಟ್ಟಳು. ಪಕ್ಕದ ಮನೆಯಿಂದ ಡ್ರಿಲ್ ತಂದಳು. ಹಾಲ್ ಮತ್ತು ಕೋಣೆಯ ನಡುವಿನ ಗೋಡೆಯಲ್ಲಿ ತಂತಿ ತೂರಿಸುವ ಜಾಗಕ್ಕೆ ಗುರುತು ಹಾಕಿದಳು.

"ಹೊಸ ಬಣ್ಣ ಹೊಡೆಸಿದ ಗೋಡೆ!" ಎಂದ ಗಂಡ.

"ಗೊತ್ತು. ಹೊಡೆಯೋವಾಗ ಸಾಮಾನೆಲ್ಲ ಸರಿಸಿದ್ದು ನಾನೇ."

"ರೂಟರ್ ಕೋಣೇಲಿಟ್ರೆ ಹಾಲ್‌ನಲ್ಲಿ ಸಿಗ್ನಲ್ ಸರಿಯಾಗಿ ಬರಲ್ಲ ಅತ್ತಿಗೆ," ಎಂದ ಮೈದುನ.

"ಬರಲ್ಲ," ಎಂದು ಡ್ರಿಲ್ ಒತ್ತಿದಳು.

ಇಟ್ಟಿಗೆಯ ಪುಡಿ ಕೂದಲಿಗೆಲ್ಲ ಹತ್ತಿತು. ಖಾಲಿ ತೂತು ಮುಚ್ಚಿಸಿಕೊಂಡ ಪೆಟ್ಟಿಗೆ ಕೋಣೆಯಲ್ಲಿದ್ದ ಅವಳ ಪುಸ್ತಕದ ಕಪಾಟಿನೊಳಗೆ ಹೋಯಿತು, ಕಪಾಟಿಗೆ ಬೀಗ ಬಿತ್ತು. ಐದೂ ಮುಕ್ಕಾಲಿಗೆ ಫೋಟೋ ಕಳಿಸಿದಳು. ಆರೂ ಹತ್ತಾದರೂ ಉತ್ತರವಿಲ್ಲ. ಅವಳು ಉಗುರಿನ ಸಂದಿಯ ಸುಣ್ಣ ಕೆರೆಯುತ್ತ ಕೂತಳು. ಆರೂಕಾಲಿಗೆ ಒಂದು ಸಾಲು ಬಂತು: ಸರಿಯಿದೆ, ಬಾಕಿ ವರದಿಗಳನ್ನು ಮುಗಿಸಿ.

ಬಾಗಿಲ ಬಳಿ ಅಣ್ಣತಮ್ಮಂದಿರಿಬ್ಬರೂ ನಿಂತಿದ್ದರು.

"ಈಗ ಹದಿಮೂರನ್ನೂ ಮತ್ತೆ ಸೇರಿಸಬೇಕಲ್ಲ?" ಎಂದ ಗಂಡ. "ಯಾವಾಗ ಮಾಡ್ತೀಯ?"

"ನಾನು ಮಾಡಲ್ಲ ರೀ. ಹೆಸರು, ಪಾಸ್‌ವರ್ಡ್, ಯಾವುದು ಎಲ್ಲಿಗೆ, ಎಲ್ಲಾ ಈ ಚೀಟಿಯಲ್ಲಿದೆ. ಅಳಿಸಿದ ಕೈಗೆ ಸೇರಿಸೋದೂ ಬರಬೇಕು. ಬಲ್ಬಿಂದ ಶುರು ಮಾಡಿ. ಸ್ಟೂಲು ಅಡುಗೆಮನೆಯಲ್ಲಿದೆ."

ಚಿಲಕ ಹಾಕಿಕೊಂಡು ಕಿವಿಗೆ ಹೆಡ್‌ಫೋನ್ ಏರಿಸಿದಳು. ಅದನ್ನೂ ತೂರಿಕೊಂಡು ಹಾಲ್‌ನಿಂದ ಗಂಡನ ಕೂಗು ಬರುತ್ತಲೇ ಇತ್ತು: "ಒತ್ತಿ ಹಿಡಿ ಅಂದ್ರೆ ಬಿಟ್ಟೆಯಲ್ಲೋ! ಇನ್ನೊಂದ್ಸಲ ಕೆಂಪಾಯ್ತು ನೋಡು!" ಡಾಕ್ಟರು ಹೇಳಿದ್ದು ಬಲ ಮಂಡಿಯೋ ಎಡ ಮಂಡಿಯೋ ಆ ಗಲಾಟೆಯಲ್ಲಿ ತಪ್ಪಿಹೋಯಿತು. ಹನ್ನೊಂದು ಸೆಕೆಂಡು ಹಿಂದಕ್ಕೆ ಓಡಿಸಿ, ಕೆಮ್ಮು ದಾಟಿಸಿ, ಮತ್ತೆ ಕೇಳಿದಳು.

ಎಡ.

ಟೈಪ್ ಮಾಡಿದಳು.