ಬಾಣಂತಿ ಕೊಡ

ಹುಲಗಪ್ಪನಷ್ಟು ಹಟಮಾರಿ ನಮ್ಮ ಸುರಪುರದಲ್ಲಿ ಇನ್ನೊಬ್ಬನಿರಲಿಲ್ಲ. ನಮ್ಮದು ಅವನ ಪಕ್ಕದ ಮನೆ, ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ. ಬಲ್ದಿಯಾದಲ್ಲಿ, ಅಂದರೆ ಊರಿನ ಪುರಸಭೆಯಲ್ಲಿ, ನೀರು ಹಂಚುವ ಕೆಲಸ ಅವನದು. ಕುರಿ ಕಾಯುವ ಮನೆತನದಲ್ಲಿ ಹುಟ್ಟಿದವನು. ಜನರನ್ನೂ ಹಿಂಡಿನಂತೆಯೇ ನಿಲ್ಲಿಸುತ್ತಿದ್ದ. ನಿಜಾಮರ ರಾಜ್ಯ ಹೋದ ಮೇಲಿನ ನಾಲ್ಕನೆಯ ಬೇಸಿಗೆಯಲ್ಲಿ ಊರಿನ ಬಾವಿಗಳೆಲ್ಲ ಬತ್ತಿ ಗುಡ್ಡದ ಬುಡದ ಮೆಟ್ಟಿಲು ಬಾವಿಯೊಂದೇ ಉಳಿಯಿತು. ಅದಕ್ಕೆ ಬಾಗಿಲು ಹಚ್ಚಿ ಕೀಲಿಯನ್ನು ಅವನ ಕೈಗೆ ಕೊಟ್ಟರು.

ಬೆಳಗಾದರೆ ಅವನು ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗಿಳಿಸಿ, ಎಷ್ಟು ಗಂಟು ತೊಯ್ದಿವೆ ಎಂದು ನೋಡುತ್ತಿದ್ದ. ಯುಗಾದಿಗೆ ಆರಿದ್ದವು. ಈಗ ಎರಡು.

"ಹದಿನೈದು ದಿನ ಹ್ಯಾಂಗರ ಮಾಡಿ ನಡಸು ಹುಲಗಪ್ಪ. ಕೃಷ್ಣಾ ಹೊಳಿಯಿಂದ ಬಂಡಿ ಮ್ಯಾಲ ನೀರು ತರಸಾಕತ್ತೀವಿ," ಎಂದು ಕಚೇರಿಯ ಅಮೀನುದ್ದೀನ ಸಾಹೇಬರು ಹೇಳಿದ್ದರು. ಅಂದಿನಿಂದ ಅವನಿಗೆ ಒಂದೇ ಚಿಂತೆ. ಬಂಡಿ ಬರುವ ಮೊದಲೇ ಬಾವಿ ಬತ್ತಿದರೆ ಊರು ಏನು ಕುಡಿಯಬೇಕು?

ಮನೆಗೆ ಎರಡು ಕೊಡ, ಇದು ಹುಕುಂ. ಬಾಣಂತಿಯಿದ್ದ ಮನೆಗೆ ಮಾತ್ರ ಇನ್ನೊಂದು. ಅದು ಯಾವ ಕಾಗದದಲ್ಲೂ ಇರಲಿಲ್ಲ. ಬಾಣಂತಿಗೆ ಎರೆಯಲು ನೀರಿಲ್ಲ ಎನ್ನುವ ಬಾಯಿ ನಮ್ಮ ಕಡೆ ಯಾರಿಗೂ ಇಲ್ಲ. ಆದರೆ ಆ ಬರದಲ್ಲಿ ಊರ ತುಂಬ ಬಾಣಂತಿಯರೇ ಆಗತೊಡಗಿದರು. ಹುಲಗಪ್ಪನಿಗೆ ಸಂಶಯ ಬಂತು. ಒಂದು ಮನೆಗೆ ಹೋಗಿ ನೋಡಿದರೆ, ಹತ್ತು ದಿನದ್ದೆಂದು ಹೇಳಿದ್ದ ಕೂಸು ತೊಟ್ಟಿಲಲ್ಲಿ ಎದ್ದು ಕುಳಿತು ರೊಟ್ಟಿ ಚೂರು ಚೀಪುತ್ತಿತ್ತು! ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನು ನಗಲಿಲ್ಲ. ಮರುದಿನ ಬಾಣಂತಿ ಕೊಡವನ್ನೇ ನಿಲ್ಲಿಸಿಬಿಟ್ಟ, ಎಲ್ಲರಿಗೂ.

ಸೂಲಗಿತ್ತಿ ದೇವಕಮ್ಮ ಸಾಲು ಬಿಟ್ಟು ಮುಂದೆ ಬಂದಳು. "ಒಬ್ಬಾಕಿ ಸುಳ್ಳ ಹೇಳಿದ್ರ ಉಳದಾವ್ರು ಮೈ ತೊಳಕೋಬಾರದೇನ?"

"ಎರಡ ಗಂಟ ಉಳದಾವ, ದೇವಕ್ಕ. ನೀರು ಮುಗದ ದಿನ ನೀ ಬಂದು ಬಾವಿ ಹೆರಿಗಿ ಮಾಡಸ್ತೀಯೇನ?"

ಜನ ಮತ್ತೆ ನಕ್ಕರು. ನಾನೂ ನಕ್ಕೆ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಐದನೆಯ ದಿನ ಬೆಳಿಗ್ಗೆ ಹುಲಗಪ್ಪನ ಮಗಳು ಮಲಕಮ್ಮನಿಗೆ ಬೇನೆ ಶುರುವಾಯಿತು. ಚೊಚ್ಚಲ ಹೆರಿಗೆಗೆಂದು ದೇವಾಪುರದಿಂದ ತವರಿಗೆ ಬಂದಿದ್ದಳು. ದೇವಕಮ್ಮನಿಗೆ ಹೇಳಿ ಕಳಿಸಿದರು. ಸಿಟ್ಟಿಗಾಗಿ ಹೆರಿಗೆ ಬಿಡುವ ಹೆಂಗಸಲ್ಲ ಅವಳು, ಬಂದಳು. ಒಳಗೆ ನೋಡಿ ಹೊರಬಂದು, "ನೀರು?" ಎಂದಳು. ಮೂಲೆಯಲ್ಲಿ ಒಂದೂವರೆ ಕೊಡವಿತ್ತು.

"ಇಷ್ಟ ಅದ. ನಾನ ಬಂದ್ ಮಾಡೀನಿ, ನನ್ನ ಮಗಳಿಗಂತ ಹ್ಯಾಂಗ ತರಲಿ?" ಎಂದ ಹುಲಗಪ್ಪ.

"ನಿನ್ನ ಮಗಳು ಇದರಾಗ ಹಡೀತಾಳ. ಕೆಳಗಿನ ಕೇರಿ ಲಾಲಮ್ಮ ಹಡದು ನಾಕು ದಿನ ಆತು. ಮೈಗೆ ಒಂದು ಚರಿಗಿ ಬಿಸಿನೀರು ಬಿದ್ದಿಲ್ಲ. ನಿನ್ನಿಯಿಂದ ಮೈ ಕೆಂಡದಂಗ ಸುಡಾಕತ್ತದ. ನಾ ಅಲ್ಲಿಂದನ ಬಂದೀನಿ."

ಒಳಗಿನಿಂದ ಮಗಳು "ಯಪ್ಪಾ!" ಎಂದು ಚೀರಿದಳು. ಹುಲಗಪ್ಪ ಎದ್ದು ಬಾವಿಗೆ ಓಡಿದ. ಸಾಲಿನಲ್ಲಿ ನಿಂತವರೆದುರೇ ಒಂದು ಕೊಡ ತುಂಬಿ ಹೆಗಲಿಗೇರಿಸಿದ.

"ಇವತ್ತಿಂದ ಬಾಣಂತಿ ಕೊಡ ಚಾಲೂ. ಎಲ್ಲಾರ ಕೊಡದಾಗ ಒಂದೊಂದು ಚರಿಗಿ ಕಮ್ಮಿ ಹಾಕ್ತೀನಿ. ಬೈಯಾವ್ರು ನನ್ನ ಬೈಯ್ರಿ," ಎಂದ.

ಮನೆಗೆ ಹೊರಟನೆಂದುಕೊಂಡೆವು. ಅವನು ಕೆಳಗಿನ ಕೇರಿಗೆ ತಿರುಗಿದ. ಆ ಕೇರಿಯವರಿಗೆ ಸಾಲಿನ ಕೊನೆಯಲ್ಲಿ, ದೂರದಿಂದ ನೀರು ಸುರಿಯುವುದಷ್ಟೇ ನಮಗೆ ಗೊತ್ತಿದ್ದ ರೀತಿ. ಊರವರು ಯಾರೂ ಅಲ್ಲಿಗೆ ಕೊಡ ಹೊತ್ತು ಹೋದದ್ದಿಲ್ಲ. ಲಾಲಮ್ಮನ ಗಂಡ ಅಮರಪ್ಪ ಗಾಬರಿಯಾಗಿ ಎದ್ದು ನಿಂತ. ಹುಲಗಪ್ಪ ಕೊಡವನ್ನು ಹೊಸ್ತಿಲಲ್ಲಿಟ್ಟು ತಿರುಗಿ ಬಂದ.

ಅಷ್ಟರಲ್ಲಿ ಮೊಮ್ಮಗಳು ಹುಟ್ಟಿದ್ದಳು. ಹೆಂಡತಿ ಮಾಳಮ್ಮ ಕೂಸನ್ನು ಸೀರೆಯಲ್ಲಿ ಸುತ್ತಿ ತಂದರೆ ಅವನು ಮುಖ ತಿರುಗಿಸಿದ.

"ಬ್ಯಾಡ. ಮೊದಲ ಲಾಲಮ್ಮ ಏಳಲಿ."

ಮಾಳಮ್ಮ ಬೈದಳು, ಮಲಕಮ್ಮ ಅತ್ತಳು. ಅವನು ಅಂಗಳದಲ್ಲೇ ಉಂಡ, ಅಂಗಳದಲ್ಲೇ ಮಲಗಿದ. ದಿನಾ ಬೆಳಿಗ್ಗೆ ಮೊದಲ ಕೊಡ ಆ ಹೊಸ್ತಿಲಿಗೆ. "ಹ್ಯಾಂಗದಾಳ?" ಎಂದು ಕೇಳುವನು. "ಹಂಗ ಅದಾಳ್ರಿ," ಎನ್ನುವನು ಅಮರಪ್ಪ. ಮೊಮ್ಮಗಳು ಹುಟ್ಟಿದ ಎಂಟನೆಯ ದಿನ ಕೃಷ್ಣೆಯ ಬಂಡಿಗಳು ಬಂದವು. ಊರೆಲ್ಲ ಓಡಿತು, ಹೆಂಗಸರು ಬಂಡಿಗೆ ಆರತಿ ಬೆಳಗಿದರು. ಹುಲಗಪ್ಪನ ಮುಖದಲ್ಲಿ ಮಾತ್ರ ಗೆಲುವಿರಲಿಲ್ಲ. ಲಾಲಮ್ಮ ಅಂದು ಯಾರ ಗುರುತನ್ನೂ ಹಿಡಿದಿರಲಿಲ್ಲ.

ಹತ್ತನೆಯ ದಿನ ಅಮರಪ್ಪನೇ ಓಡುತ್ತ ಬಂದು ನಮ್ಮ ಓಣಿಯಲ್ಲಿ, ಅಂಗಳದ ಹೊರಗೆ ನಿಂತ.

"ಜ್ವರ ಬಿಟ್ಟಾವ್ರಿ. ಅಂಬಲಿ ಕುಡದಾಳ. ಹೋಗ್ರಿ ಯಪ್ಪಾ, ನಿಮ್ಮ ಕೂಸಿನ ಮಕಾ ನೋಡ್ರಿ."

ಹುಲಗಪ್ಪ ಎದ್ದ. ಒಳಗೆ ಹೋಗಲಿಲ್ಲ. "ನಿಂದು ಗಂಡೋ ಹೆಣ್ಣೋ? ಇಷ್ಟ ದಿನ ನಾ ಕೇಳೇ ಇಲ್ಲ."

"ಹೆಣ್ಣರಿ."

"ನಂದೂ ಹೆಣ್ಣಂತ," ಎಂದ ಹುಲಗಪ್ಪ, ಅಲ್ಲೇ ಕುಸಿದು ಕುಳಿತು ಓಣಿಯವರೆಲ್ಲರ ಎದುರು ಗೊಳೋ ಎಂದು ಅತ್ತ.