ಅರ್ಧ ಫೀಸು ಬಿಟ್ಟ ಕಾಲೇಜು

ನರ್ಸಿಂಗ್ ಸೀಟು ಕೊಡುತ್ತೇವೆಂದು ಎರಡು ಕಾಲೇಜುಗಳು ನನ್ನನ್ನು ಕರೆದಿದ್ದವು. ದಾವಣಗೆರೆಯದು ಮೊದಲ ವರ್ಷ ಪೂರಾ ಫೀಸು ಮಾಫಿ ಎಂದಿತ್ತು. ಹೊಸಪೇಟೆಯದು ಅರ್ಧ ಮಾತ್ರ ಬಿಡುತ್ತಿತ್ತು, ಆದರೆ ನಾಲ್ಕೂ ವರ್ಷ. ತೆಲಿಗಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಎರಡೂ ಕಾಲೇಜಿನ ಪತ್ರಗಳನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಕುರಿ ಕಾಯುವವನು. ನಾನು ಮುಗಿಸುವ ಮೊದಲೇ ದಾವಣಗೆರೆ ಎಂದುಬಿಟ್ಟ.

ಅವನ ಲೆಕ್ಕವೇ ಬೇರೆ. ಸುಗ್ಗಿ ಮುಗಿದ ಮೇಲೆ ರೈತರು ಗೊಬ್ಬರಕ್ಕಾಗಿ ತಮ್ಮ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ಒಬ್ಬ ಜೋಳ ಕೊಡುತ್ತೇನೆಂದರೆ ಇನ್ನೊಬ್ಬ ರೊಕ್ಕ ಎನ್ನುತ್ತಾನೆ. ಮೊದಲ ರಾತ್ರಿ ಏನು ಒಪ್ಪಿದರೋ ಕುರಿ ಎದ್ದು ಹೋಗುವ ತನಕ ಅದೇ. ನಡುವೆ ಮಾತು ಬದಲಿಸಿದವನ ಹೊಲಕ್ಕೆ ಮತ್ತೆ ಯಾರೂ ಕುರಿ ಹೊಡೆಯುವುದಿಲ್ಲ. ಕಾಲೇಜಿನವರ ಮೊದಲ ವರ್ಷದ ಮಾತೂ ಹಾಗೇ ಕೊನೆತನಕ ನಡೆಯುತ್ತದೆಂದು ಅಪ್ಪ ನಂಬಿದ್ದ. ಇನ್ನು, ಬಾಯಿಬಿಟ್ಟು ಅರ್ಧ ಎನ್ನುವವರು ಅವನ ಪಾಲಿಗೆ ಶುದ್ಧ ಜಿಪುಣರು.

ಎಷ್ಟು ತಿಳಿಹೇಳಿದರೂ ಆಸಾಮಿ ಜಗ್ಗಲಿಲ್ಲ. ನನಗೋ ಹೆದರಿಕೆ. ಎರಡನೇ ವರ್ಷದಿಂದ ಪೂರಾ ಕಟ್ಟು ಎಂದರೆ ನನ್ನ ಓದು ಅಲ್ಲಿಗೇ ನಿಲ್ಲುತ್ತಿತ್ತು. ಅವರನ್ನೇ ಕೇಳೋಣ ಬಾ ಎಂದು ಹಟ ಹಿಡಿದು ಅವನನ್ನು ದಾವಣಗೆರೆಯ ಬಸ್ಸು ಹತ್ತಿಸಿದೆ.

ಆಫೀಸಿನವರು ಮರ್ಯಾದೆಯಿಂದ ಕೂರಿಸಿ ನೀರು ಕೊಟ್ಟರು. ಮಾಫಿ ಒಂದೇ ವರ್ಷಕ್ಕೆ, ಮುಂದಿನದನ್ನು ಪೂರ್ತಿ ಕಟ್ಟಬೇಕಾಗುತ್ತದೆ ಎಂದರು. ಅಪ್ಪ ತಲೆಯ ಮೇಲಿನ ಟವೆಲ್ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಸಾಹೇಬ್ರ, ನಡುವ ಮಾತು ಬದಲಿ ಆದ್ರ ಮಕ್ಳು ಎಲ್ಲಿಗೆ ಹೋಗಬೇಕ್ರಿ?"

ಅವರು ನಿಯಮದ ಹಾಳೆಯನ್ನು ನಮ್ಮ ಮುಂದೆ ಸರಿಸಿದರು. ಪಾಪ, ನಿಯಮ ಮಾಡಿದವರು ಅವರಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ನನಗೆ ಮಂಡಕ್ಕಿ ಮಿರ್ಚಿ ಕೊಡಿಸಿದ, ತಾನು ಮುಟ್ಟಲಿಲ್ಲ. ಬಸ್ಸು ಅರ್ಧ ದಾರಿ ಬಂದ ಮೇಲೆ ಬಾಯಿಬಿಟ್ಟ.

"ಹೊಸಪೇಟಿಗೇ ಹೋಗವ್ವ. ಕಮ್ಮಿ ಆದ್ರೂ ಕಡೀತನ ಕೊಡ್ತೀವಿ ಅಂದಾರ."

ಹೊಸಪೇಟೆಯವರು ಆಡಿದಂತೆ ನಡೆದರು. ಪ್ರತಿ ವರ್ಷ ಫೀಸಿನ ಹೊತ್ತಿಗೆ ಅಪ್ಪ ಕುರಿ ಇಳಿದ ಊರಿಂದ, ಒಮ್ಮೆ ಕೋಗಳಿ, ಒಮ್ಮೆ ಉಚ್ಚಂಗಿದುರ್ಗ, ಫೋನ್ ಮಾಡಿ ಅಂದಷ್ಟು ಬಿಟ್ಟರಾ ಎಂದು ವಿಚಾರಿಸುತ್ತಿದ್ದ. ಅವನ ಮಾತಿನ ಹಿಂದೆ ಮರಿಗಳ ಕೂಗು. ಹಾಸ್ಟೆಲಿನ ಮೆಟ್ಟಿಲ ಮೇಲೆ ಅದನ್ನು ಕೇಳುತ್ತ ಕೂತರೆ ಅಳು ಬರುತ್ತಿತ್ತು. ಈಗ ಅಪ್ಪ ಮಂದೆ ಮಾರಿ ಮನೆಯಲ್ಲಿದ್ದಾನೆ, ದಿನಾ ಫೋನ್ ಮಾಡುತ್ತಾನೆ. ಆದರೂ ಆಸ್ಪತ್ರೆಯ ಡ್ಯೂಟಿಯ ನಡುವೆ ಆ ಕೂಗಿಗೆ ಜೀವ ತುಡಿಯುತ್ತದೆ.

ಹೊಸಪೇಟೆಯಲ್ಲಿ ಓದು ಮುಗಿಸಿ ಗಂಟುಮೂಟೆ ಕಟ್ಟಿದ ದಿನ ಅಪ್ಪ ಒಂದು ಚೀಲ ಹೊತ್ತು ಬಂದ. ನನ್ನನ್ನು ಮಾತಾಡಿಸುವ ಮೊದಲೇ ಪ್ರಿನ್ಸಿಪಾಲರ ಮುಂದೆ ನಿಂತು, ಕಾಲೇಜಿಗೆ ಹೊಲ ಎಲ್ಲಿದೆ ಎಂದು ಕೇಳಿದ. ಇಲ್ಲವಲ್ಲ ಎಂದರು ಅವರು, ಏನೂ ತಿಳಿಯದೆ. ಕೊಟ್ಟ ಮಾತು ಉಳಿಸಿಕೊಂಡ ರೈತನ ಹೊಲದಲ್ಲಿ ನಮ್ಮವರು ಹೊರಡುವ ಮುಂಚೆ ಒಂದು ರಾತ್ರಿ ಪುಕ್ಕಟೆ ಕುರಿ ನಿಲ್ಲಿಸುತ್ತಾರೆ. ಹೊಲ ಇರಲಿಕ್ಕಿಲ್ಲ ಎಂದು ಅಪ್ಪನಿಗೂ ಅನುಮಾನವಿತ್ತು. ಚೀಲ ಬಿಚ್ಚಿ, ಅಂಗಳದ ಬೇವಿನ ಸಸಿಗಳ ಬುಡಕ್ಕೆಲ್ಲ ಕುರಿಹಿಕ್ಕೆಯ ಗೊಬ್ಬರ ಹರವಿದ.